ಖುಲಾ ‘ತಗೊಂಡವಳು’

ಹೈದರಾಬಾದಿನ ಹಳೆಯ ಊರಿನಲ್ಲಿ, ಚಾರ್‌ಮಿನಾರ್‌ನಿಂದ ಶಾಲಿಬಂಡಾ ಕಡೆಗೆ ಹೋಗುವ ಗಲ್ಲಿಗಳಲ್ಲಿ, ಮುರಿದ ಮದುವೆಯ ಸುದ್ದಿಗೆ ಎರಡು ಕ್ರಿಯಾಪದಗಳಿವೆ. ಗಂಡ ಬಿಟ್ಟಿದ್ದರೆ ‘ತಲಾಖ್ ದೇದಿಯಾ’ ಅನ್ನುತ್ತಾರೆ. ಹೆಂಡತಿಯೇ ಬಿಟ್ಟು ಬಂದಿದ್ದರೆ ‘ಖುಲಾ ಲೇಲೀ’. ಅವನು ಕೊಟ್ಟ, ಅವಳು ತಗೊಂಡಳು. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಬೀದರ, ಕಲಬುರಗಿ, ರಾಯಚೂರಿನ ಕಡೆಯ ಕನ್ನಡಕ್ಕೂ ಈ ಜೋಡಿ ಹಾಗೆಯೇ ಇಳಿದು ಬಂದಿದೆ: ‘ಅಂವ ತಲಾಖ್ ಕೊಟ್ಟಾನ’, ‘ಆಕಿ ಖುಲಾ ತಗೊಂಡಾಳ’.

ತಗೊಳ್ಳುವುದು ಅಂದ ಮೇಲೆ ಎದುರಿಗೆ ಕೊಡುವವನೊಬ್ಬ ಇರಬೇಕಲ್ಲ? ಅವನು ಕೊಡುವುದಿಲ್ಲ ಅಂದರೆ ಅವಳ ಗತಿಯೇನು? ಶತಮಾನಗಳ ಧರ್ಮಶಾಸ್ತ್ರದ ವಾದ, ಸಾವಿರಾರು ಹೆಣ್ಣುಮಕ್ಕಳ ಕಾಯುವಿಕೆ ಈ ಪ್ರಶ್ನೆಗೇ ಸಿಕ್ಕಿಕೊಂಡಿವೆ. 2025ರ ಜೂನ್ 24ರಂದು ಮೂಸಿ ನದಿಯ ದಂಡೆಯ ಮೇಲಿರುವ ತೆಲಂಗಾಣ ಹೈಕೋರ್ಟ್ ಇದಕ್ಕೆ ನೇರವಾದ ಉತ್ತರ ಕೊಟ್ಟಿತು. ಆ ಉತ್ತರಕ್ಕೆ ಬರುವ ಮೊದಲು ಪದದ ಬೇರು ನೋಡಬೇಕು. ಬೇರಿನಲ್ಲೇ ಹೆಣ್ಣಿನ ಹಕ್ಕಿದೆ.

ಅರಬ್ಬಿಯಲ್ಲಿ ಈ ಪದದ ಧಾತುವಿಗೆ ಕಳಚುವುದು ಎಂದು ಅರ್ಥ. ಮೈಮೇಲಿನ ಬಟ್ಟೆ ಕಳಚುವುದಕ್ಕೂ ಕಾಲಿನ ಚಪ್ಪಲಿ ಕಳಚುವುದಕ್ಕೂ ಅದೇ ಮಾತು. ಗಂಡ ಹೆಂಡಿರು ಒಬ್ಬರಿಗೊಬ್ಬರು ಉಡುಪಿನಂತೆ ಎಂಬ ಭಾವ ಕುರ್‌ಆನ್‌ನ ಎರಡನೆಯ ಅಧ್ಯಾಯದಲ್ಲಿ ಬರುತ್ತದೆ. ಆ ಉಡುಪು ಮೈಗೆ ಹೊಂದದಿದ್ದಾಗ ಹೆಣ್ಣು ಅದನ್ನು ಕಳಚಿಡುವುದೇ ಖುಲಾ. ಅರಸರು ಮೆಚ್ಚಿದವರಿಗೆ ಹೊದಿಸುತ್ತಿದ್ದ ಖಿಲ್ಲತ್ತು ಕೂಡ ಇದೇ ಧಾತುವಿನ ಕೂಸು. ಅರಸ ತನ್ನ ಮೈಮೇಲಿಂದ ಕಳಚಿ ಕೊಟ್ಟ ನಿಲುವಂಗಿ ಅದು. ನಮ್ಮ ಕೋರ್ಟುಗಳ ‘ಖುಲಾಸೆ’ ಮಾತ್ರ ಬೇರೆ ಮನೆತನದ್ದು. ಖಲಾಸ್, ಖುಲಾಸೆ ಎಲ್ಲ ಬಿಡುಗಡೆ ಎಂಬ ಅರ್ಥದ ಇನ್ನೊಂದು ಧಾತುವಿನಿಂದ ಬಂದವು. ಆದರೂ ‘ಆರೋಪಿ ಖುಲಾಸೆ’ ಎಂದು ದಿನಾ ಪತ್ರಿಕೆಯಲ್ಲಿ ಓದುವ ಕನ್ನಡದ ಕಿವಿಗೆ ಖುಲಾ ಎಂದಾಗ ಬಿಡುಗಡೆಯೇ ಕೇಳಿಸುತ್ತದೆ. ಕೇಳಿಸಲಿ, ತಪ್ಪೇನಿಲ್ಲ.

ಮದುವೆಯನ್ನು ಬಟ್ಟೆಯ ಮಾತಿನಲ್ಲಿ ಹೇಳುವುದು ಕನ್ನಡಕ್ಕೂ ಹೊಸದಲ್ಲ. ಉತ್ತರ ಕರ್ನಾಟಕದ ಹಲವು ಜಾತಿಗಳಲ್ಲಿ ಗಂಡ ಸತ್ತವಳು, ಗಂಡನನ್ನು ಬಿಟ್ಟವಳು ಮತ್ತೆ ಮದುವೆಯಾಗುವುದಕ್ಕೆ ‘ಉಡಿಕೆ’, ‘ಸೀರುಡಿಕೆ’ ಎಂಬ ಹೆಸರುಗಳಿದ್ದವು. ಹೊಸ ಗಂಡ ತಂದ ಸೀರೆ ಉಟ್ಟರೆ ಮದುವೆ ಆದಂತೆ. ಅದಕ್ಕೂ ಮೊದಲು ಹಳೆಯ ಸಂಬಂಧ ಹರಿದುಕೊಳ್ಳಲು ‘ಸೋಡಚೀಟಿ’ ಎಂಬ ಬಿಡುಗಡೆಪತ್ರ ಬೇಕಿತ್ತು. ಇಂಥ ರೂಢಿಯ ಬಿಡುಗಡೆಯನ್ನು 1955ರ ಹಿಂದೂ ವಿವಾಹ ಕಾಯ್ದೆಯ 29ನೆಯ ಸೆಕ್ಷನ್ ಉಳಿಸಿಕೊಂಡಿದೆ. ಮೇಲ್ಜಾತಿಯ ಹೆಣ್ಣಿಗೆ ಆ ದಾರಿಯೂ ಇರಲಿಲ್ಲ. ಕಟ್ಟಿದ ತಾಳಿ ಸಾಯುವವರೆಗೆ ಎಂಬ ಸಂಸ್ಕೃತಿ ಅವಳನ್ನು ಕಟ್ಟಿಹಾಕಿದ್ದ ಕಾಲದಲ್ಲಿ ಪಕ್ಕದ ಮುಸ್ಲಿಂ ಕೇರಿಯ ಹೆಣ್ಣಿಗೆ, ಹೆಸರಿಗಾದರೂ, ಒಂದು ಬಾಗಿಲಿತ್ತು.

ಹೆಸರಿಗಾದರೂ ಎನ್ನಲು ಕಾರಣವಿದೆ. ಮದೀನಾದ ಸಾಬಿತ್ ಇಬ್ನ್ ಕೈಸ್ ಎಂಬಾತನ ಹೆಂಡತಿಯ ಕತೆ ಬುಖಾರಿಯ ಹದೀಸ್ ಸಂಗ್ರಹದಲ್ಲಿದೆ. ಆಕೆ ಪ್ರವಾದಿಯ ಮುಂದೆ ಬಂದು, ಗಂಡನ ನಡತೆಯಲ್ಲೂ ಧರ್ಮನಿಷ್ಠೆಯಲ್ಲೂ ದೋಷ ಹೇಳಲಾರೆ, ಆದರೆ ಅವನೊಂದಿಗೆ ಬಾಳಲಾರೆ ಎಂದಳು. ಮದುವೆಯಲ್ಲಿ ಗಂಡ ಹೆಂಡತಿಗೆ ಕೊಡಬೇಕಾದ ಮೆಹರ್ ಎಂದು ಅವನು ಕೊಟ್ಟಿದ್ದ ತೋಟವನ್ನು ಹಿಂದಿರುಗಿಸುತ್ತೀಯಾ ಎಂದು ಪ್ರವಾದಿ ಕೇಳಿದರು. ಹೂಂ ಎಂದಳು. ತೋಟ ತಗೋ, ಇವಳನ್ನು ಬಿಡು ಎಂದು ಸಾಬಿತ್‌ಗೆ ಹೇಳಿದರು. ಹೊಡೆದನೇ, ಕುಡಿದನೇ, ಅನ್ನ ಹಾಕಲಿಲ್ಲವೇ ಎಂದು ಯಾರೂ ಅವಳನ್ನು ಕೆದಕಲಿಲ್ಲ. ಬಾಳಲಾರೆ ಎಂಬ ಮಾತೇ ಸಾಕಾಯಿತು.

ಈ ಒಂದು ಪ್ರಸಂಗವನ್ನು ಮುಂದಿನವರು ಎರಡು ಬಗೆಯಲ್ಲಿ ಓದಿದರು. ಪ್ರವಾದಿ ಸಾಬಿತ್‌ಗೆ ಹೇಳಿದ್ದು ಆಜ್ಞೆಯೇ, ಸಲಹೆಯೇ? ಆಜ್ಞೆಯಾದರೆ ಗಂಡನ ಒಪ್ಪಿಗೆಗೆ ಜಾಗವಿಲ್ಲ. ಸಲಹೆಯಾದರೆ ಅವನು ಒಪ್ಪುವವರೆಗೆ ಖುಲಾ ಇಲ್ಲ. ಭಾರತದ ಬಹುಪಾಲು ಮುಸ್ಲಿಮರು ಅನುಸರಿಸುವ ಹನಫಿ ಪಂಥ ಖುಲಾವನ್ನು ಇಬ್ಬರ ನಡುವಿನ ಒಪ್ಪಂದವೆಂದು ಕಂಡಿತು. ಹೆಣ್ಣು ಬಾಗಿಲ ಬಳಿ ಬಂದರೂ ಕೀಲಿ ಗಂಡನ ಜೇಬಿನಲ್ಲೇ ಉಳಿಯಿತು. ಓದಿದವರೆಲ್ಲ ಗಂಡಸರಾಗಿದ್ದಾಗ ಓದು ಎತ್ತ ವಾಲುತ್ತದೆ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗುವುದು ಕಷ್ಟ. ಇಂಥ ಓದು ಒಂದೇ ಧರ್ಮದ ಸ್ವತ್ತೂ ಅಲ್ಲ.

ಗಂಡನ ಒಪ್ಪಿಗೆ ಸಿಗದ ಹೆಂಗಸರು ಏನು ಮಾಡಿದರು? ಬ್ರಿಟಿಷ್ ಕಾಲದ ಪಂಜಾಬಿನಲ್ಲಿ ಕೆಲವರು ಮತವನ್ನೇ ಬಿಟ್ಟರು. ಮತ ಬಿಟ್ಟರೆ ಮದುವೆ ತಾನಾಗಿ ಮುರಿಯುತ್ತಿತ್ತು. ಉಲೇಮಾಗಳು ಎಚ್ಚೆತ್ತದ್ದು ಆಗ. ಥಾನಾ ಭವನದ ಮೌಲಾನಾ ಅಶ್ರಫ್ ಅಲಿ ಥಾನವಿ ಮಾಲಿಕಿ ಪಂಥದ ಸಡಿಲ ನಿಯಮಗಳನ್ನು ಎರವಲು ತರಬಹುದೆಂದು ಬರೆದರು. ಅದರ ಫಲವೇ 1939ರ ಮುಸ್ಲಿಂ ವಿವಾಹ ವಿಸರ್ಜನೆ ಕಾಯ್ದೆ. ನಾಲ್ಕು ವರ್ಷ ಗಂಡನ ಪತ್ತೆಯಿಲ್ಲ, ಎರಡು ವರ್ಷ ಜೀವನಾಂಶವಿಲ್ಲ, ಕ್ರೌರ್ಯ ಹೀಗೆ ಒಂಬತ್ತು ಕಾರಣಗಳ ಮೇಲೆ ಹೆಂಡತಿ ಕೋರ್ಟಿಗೆ ಹೋಗಬಹುದಾಯಿತು. ಒಳ್ಳೆಯದೇ ಆಯಿತು, ಆದರೆ ಸಾಬಿತ್‌ನ ಹೆಂಡತಿಗೆ ಆ ಒಂಬತ್ತರಲ್ಲಿ ಒಂದು ಕಾರಣವೂ ಇರಲಿಲ್ಲ. 1937ರ ಶರೀಅತ್ ಕಾಯ್ದೆ ಖುಲಾ ಪದವನ್ನು ಹೆಸರಿಟ್ಟೇ ನಮೂದಿಸಿತ್ತು. ಪಡೆಯುವುದು ಹೇಗೆಂದು ಮಾತ್ರ ಯಾವ ಕಾಯ್ದೆಯೂ ಹೇಳಲಿಲ್ಲ.

ಇನ್ನು ಹೈದರಾಬಾದಿನ ಮದುವೆಯ ಲೆಕ್ಕ. ಇಲ್ಲಿನ ನಿಕಾಹ್‌ನಲ್ಲಿ ಕಾಜಿ ಮೆಹರ್ ಮೊತ್ತವನ್ನು ಗಟ್ಟಿಯಾಗಿ ಓದುತ್ತಾರೆ. ಇಷ್ಟು ಸಾವಿರ ರೂಪಾಯಿ ‘ಸಿಕ್ಕಾ ರಾಯಿಜುಲ್ ವಕ್ತ್’, ಅಂದರೆ ಚಾಲ್ತಿಯಲ್ಲಿರುವ ನಾಣ್ಯದಲ್ಲಿ, ಜೊತೆಗೆ ಇಷ್ಟು ‘ಸುರ್ಖ್ ದಿನಾರ್’. ಕೆಂಪು ಚಿನ್ನದ ದಿನಾರುಗಳ ಆ ಮಾತಿಗೆ ನಿಜಾಮರ ಕಾಲದ ಗತ್ತಿದೆ. ಓದಿದ ಮೊತ್ತ ಬಹಳಷ್ಟು ಮನೆಗಳಲ್ಲಿ ಕಾಗದದ ಮೇಲೆಯೇ ಉಳಿಯುತ್ತದೆ, ಆಮೇಲೆ ಕೊಟ್ಟರಾಯಿತು ಎಂಬ ಬಾಕಿಯಾಗಿ. ಇನ್ನೊಂದು ಮೊತ್ತವಿದೆ, ಅದನ್ನು ಕಾಜಿ ಓದುವುದಿಲ್ಲ, ಯಾವ ಪುಸ್ತಕದಲ್ಲೂ ಬರೆಯುವುದಿಲ್ಲ: ‘ಜೋಡೆ ಕಿ ರಖಮ್’. ವರನ ಉಡುಪಿಗೆಂದು ಹೆಣ್ಣಿನವರು ಕೊಡುವ ಹಣ ಎಂದು ಪದದ ಅರ್ಥ. ಉಡುಪಿನ ಹೆಸರಿನಲ್ಲಿ ಹೋಗುವುದು ಅಪ್ಪನ ಉಳಿತಾಯ, ಅಣ್ಣನ ಗಲ್ಫ್ ಗಳಿಕೆ, ಅಮ್ಮನ ಬಳೆ. ಇದಕ್ಕೆ ಶರೀಅತ್‌ನಲ್ಲಿ ಆಧಾರವಿಲ್ಲವೆಂದು ಮೌಲವಿಗಳೂ ಹೇಳುತ್ತಾರೆ. ಧರ್ಮ ಗಂಡಿಗೆ ಕೊಡು ಎಂದದ್ದು ಬಾಕಿ ನಿಲ್ಲುತ್ತದೆ. ಧರ್ಮ ಎಲ್ಲೂ ಹೇಳದಿದ್ದದ್ದು ಮದುವೆಗೆ ಮೊದಲೇ ಸಂದಾಯವಾಗುತ್ತದೆ. ಹೆಣ್ಣಿನ ಹಕ್ಕಿನ ವಿಷಯ ಬಂದಾಗ ಧರ್ಮ ಮತ್ತು ಸಂಪ್ರದಾಯ ಒಂದೇ ಎಂದು ವಾದಿಸುವವರು ಈ ಎರಡು ಮೊತ್ತಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು.

ಖುಲಾ ಪದ ಹಾಳಾದದ್ದು ಈ ಲೆಕ್ಕದಲ್ಲಿ. ಗಂಡ ತಲಾಖ್ ಕೊಟ್ಟರೆ ಬಾಕಿ ಮೆಹರ್ ಕೊಡಬೇಕು, ಮರುಮದುವೆಗೆ ಮೊದಲು ಅವಳು ಕಾಯಬೇಕಾದ ಇದ್ದತ್ ಅವಧಿಯ ಖರ್ಚು ಕೊಡಬೇಕು. 2019ರ ಕಾಯ್ದೆಯ ನಂತರ ಒಂದೇ ಉಸಿರಿನ ಮೂರು ತಲಾಖ್‌ಗೆ ಮೂರು ವರ್ಷದವರೆಗೆ ಜೈಲೂ ಇದೆ. ಹೆಂಡತಿಯೇ ಖುಲಾ ಕೇಳಿದರೆ ಮೆಹರ್ ಮನ್ನಾ. ಹಾಗಾಗಿ ಬಿಡಬೇಕೆಂದಿರುವ ಗಂಡನೇ ಬಾಳು ಅಸಹನೀಯ ಮಾಡಿ, ತವರಿಗೆ ಅಟ್ಟಿ, ‘ಖುಲಾ ಲೇಲೇ’ ಅನ್ನುತ್ತಾನೆ. ಹೆಣ್ಣಿನ ಹಕ್ಕಿನ ಪದ ಗಂಡಿನ ಬಾಯಲ್ಲಿ ಒತ್ತಾಯವಾಗುತ್ತದೆ. ನಿಜಕ್ಕೂ ಬಿಡುಗಡೆ ಬೇಕಾದವಳಿಗೆ ಅದೇ ಗಂಡ ಸಹಿ ಹಾಕದೆ ವರ್ಷಗಟ್ಟಲೆ ಸತಾಯಿಸುತ್ತಾನೆ, ಇಲ್ಲವೇ ಸಹಿಗೆ ಬೆಲೆ ಕೇಳುತ್ತಾನೆ. ಮಕ್ಕಳನ್ನು ಬಿಟ್ಟುಕೊಡು, ಒಡವೆ ಬಿಟ್ಟುಕೊಡು, ಹಾಕಿದ ಕೇಸು ವಾಪಸು ತೆಗೆದುಕೋ. ದಖನಿ ಕವಯಿತ್ರಿ ಜಮೀಲಾ ನಿಶಾತ್ 2002ರಲ್ಲಿ ಸುಲ್ತಾನ್ ಶಾಹಿಯಲ್ಲಿ ಆರಂಭಿಸಿದ ‘ಶಾಹೀನ್’ ಸಂಸ್ಥೆಯಂಥ ಕಡೆಗಳಿಗೆ ಹೆಣ್ಣುಮಕ್ಕಳು ಹುಡುಕಿಕೊಂಡು ಹೋಗುವುದು ಇಂಥ ಇಕ್ಕಟ್ಟುಗಳನ್ನು ಹೊತ್ತುಕೊಂಡೇ.

ಈಗ ತೆಲಂಗಾಣ ಹೈಕೋರ್ಟಿನ ಆ ಉತ್ತರಕ್ಕೆ ಬರೋಣ. ಅಲ್ಲಿಗೆ ಬಂದ ಪ್ರಕರಣದ ದಂಪತಿಯ ಮದುವೆ 2012ರದು. 2020ರಲ್ಲಿ ಹೆಂಡತಿ ಒಂದು ಶರೀಅತ್ ಮಂಡಳಿಯ ಮೂಲಕ ಖುಲಾ ಪಡೆದಳು. ತಾನು ಒಪ್ಪಿಲ್ಲ, ಆದ್ದರಿಂದ ಆ ಖುಲಾನಾಮೆ ಅಸಿಂಧು ಎಂದು ಗಂಡ ಕೌಟುಂಬಿಕ ನ್ಯಾಯಾಲಯಕ್ಕೆ ಹೋದ, ಅಲ್ಲಿ ಸೋತು ಹೈಕೋರ್ಟಿಗೆ ಬಂದ. ನ್ಯಾಯಮೂರ್ತಿಗಳಾದ ಮೌಸುಮಿ ಭಟ್ಟಾಚಾರ್ಯ ಮತ್ತು ಬಿ.ಆರ್. ಮಧುಸೂದನ ರಾವ್ ಅವರ ಪೀಠ ಅವನ ಮೇಲ್ಮನವಿ ತಳ್ಳಿಹಾಕಿತು. ಖುಲಾ ಹೆಂಡತಿಯ ಪೂರ್ಣ ಹಕ್ಕು, ಗಂಡನ ಒಪ್ಪಿಗೆಯ ಮೇಲೆ ಅದು ನಿಂತಿಲ್ಲ. ಮೆಹರ್ ವಾಪಸಾತಿಯ ಬಗ್ಗೆ ಅವನು ಮಾತಾಡಬಹುದು, ಖುಲಾವನ್ನೇ ನಿರಾಕರಿಸುವಂತಿಲ್ಲ. ಮುಫ್ತಿಯ ಅಥವಾ ದಾರುಲ್ ಖಜಾ ಎಂಬ ಶರೀಅತ್ ಪಂಚಾಯಿತಿಯ ಪ್ರಮಾಣಪತ್ರ ಕಡ್ಡಾಯವಲ್ಲ, ಅವರದು ಸಲಹೆ ಮಾತ್ರ. ವಿಷಯ ಕೋರ್ಟಿಗೆ ಬಂದರೆ, ರಾಜಿಯ ಪ್ರಯತ್ನ ನಡೆಯಿತೇ, ಮೆಹರ್ ಹಿಂದಿರುಗಿಸಲು ಅವಳು ಮುಂದಾದಳೇ ಎಂದಷ್ಟೇ ಚುಟುಕಾಗಿ ವಿಚಾರಿಸಿ ನ್ಯಾಯಾಧೀಶರು ಮುದ್ರೆ ಒತ್ತಬೇಕು.

ಕೇರಳ ಹೈಕೋರ್ಟ್ 2021ರ ಏಪ್ರಿಲ್‌ನಲ್ಲೇ ಹೆಚ್ಚುಕಡಿಮೆ ಇದೇ ಮಾತು ಹೇಳಿತ್ತು. 1972ರ ತನ್ನದೇ ತೀರ್ಪನ್ನು ಅದಕ್ಕಾಗಿ ಬದಿಗೆ ಸರಿಸಿತ್ತು. ಪಾಕಿಸ್ತಾನದ ಸುಪ್ರೀಂ ಕೋರ್ಟ್ 1967ರಲ್ಲಿ ಖುರ್ಷಿದ್ ಬೀಬಿ ಪ್ರಕರಣದಲ್ಲಿ, ಈಜಿಪ್ಟ್ 2000ದ ಕಾಯ್ದೆಯಲ್ಲಿ ಗಂಡನ ಒಪ್ಪಿಗೆಯಿಲ್ಲದೆ ಕೋರ್ಟ್ ಮೂಲಕ ಖುಲಾ ಪಡೆಯುವ ದಾರಿ ತೆರೆದವು. ಮುಸ್ಲಿಮರೇ ಬಹುಸಂಖ್ಯಾತರಾದ ದೇಶಗಳಲ್ಲಿ ಧರ್ಮಕ್ಕೆ ಧಕ್ಕೆಯೆನಿಸದ್ದು ಇಲ್ಲಿ ಧಕ್ಕೆ ಎನಿಸಬೇಕಿಲ್ಲ. ಆದರೂ ಅಖಿಲ ಭಾರತ ಮುಸ್ಲಿಂ ವೈಯಕ್ತಿಕ ಕಾನೂನು ಮಂಡಳಿ ಗಂಡನ ಒಪ್ಪಿಗೆ ಬೇಕೇಬೇಕು ಎಂಬ ನಿಲುವಿನಲ್ಲಿದೆ. ಆ ಮಂಡಳಿ 1973ರ ಏಪ್ರಿಲ್‌ನಲ್ಲಿ ಸ್ಥಾಪನೆಯಾದದ್ದೂ ಇದೇ ಹೈದರಾಬಾದಿನಲ್ಲಿ. ಒಂದೇ ಪದಕ್ಕೆ ಒಂದೇ ಊರಿನಲ್ಲಿ ಎರಡು ಅರ್ಥಗಳು ಎದುರುಬದುರಾಗಿ ನಿಂತಿವೆ.

ತೆಲಂಗಾಣದ ಈ ತೀರ್ಪನ್ನು ಹಿಂದೂ ಓದುಗರು ದೂರದ ಸುದ್ದಿಯೆಂದು ಬಿಡುವಂತಿಲ್ಲ. ಹಿಂದೂ ವಿವಾಹ ಕಾಯ್ದೆಯಲ್ಲಿ ಇಬ್ಬರ ಒಪ್ಪಿಗೆಯ ವಿಚ್ಛೇದನ ಬಂದದ್ದು 1976ರಲ್ಲಿ. ಗಂಡ ಒಪ್ಪದಿದ್ದರೆ ಹೆಂಡತಿ ಕ್ರೌರ್ಯವನ್ನೋ ವ್ಯಭಿಚಾರವನ್ನೋ ಸಾಕ್ಷಿ ಸಮೇತ ಸಾಬೀತು ಮಾಡಬೇಕು. ಕೆಟ್ಟವನಲ್ಲ, ಆದರೆ ಇವನೊಂದಿಗೆ ಬಾಳಲಾರೆ ಎಂದಷ್ಟೇ ಹೇಳಿ ಹೊರಬರುವ ದಾರಿ ಆ ಕಾಯ್ದೆಯಲ್ಲಿ ಇಂದಿಗೂ ಇಲ್ಲ. ಮುಸ್ಲಿಂ ಹೆಣ್ಣನ್ನು ಉದ್ಧಾರ ಮಾಡುವ ಮಾತು ಎದ್ದಾಗಲೆಲ್ಲ ಇದನ್ನೂ ನೆನೆಯಬೇಕು.

ಕನ್ನಡಕ್ಕೆ ತಲಾಖ್ ಪದದ ನೋವನ್ನು ಮನೆಮನೆಗೆ ಮುಟ್ಟಿಸಿದವರು ಸಾರಾ ಅಬೂಬಕ್ಕರ್. ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯ ನಾದಿರಾಗೆ ಗಂಡನನ್ನು ಬಿಡುವ ಮನಸ್ಸೇ ಇಲ್ಲ. ಅವಳ ಅಪ್ಪ ಹಟ ಹಿಡಿದು ತಲಾಖ್ ಪಡೆಯುತ್ತಾನೆ. ಮುರಿದವರು ಗಂಡಸರು, ಪ್ರಾಣ ತೆತ್ತವಳು ಅವಳು. ವಕೀಲೆಯಾಗಿ ಹಾಸನದ ಹೆಣ್ಣುಮಕ್ಕಳ ಸಂಕಟ ಕೇಳಿ ಬರೆದ ಬಾನು ಮುಷ್ತಾಕ್ ಅವರ ಕತೆಗಳು 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಗೆದ್ದ ಮೇಲೆ ಆ ಒಳಮನೆಗಳ ಮಾತು ಜಗತ್ತಿಗೂ ಕೇಳಿಸಿತು. ಹೀಗಿದ್ದೂ ತಲಾಖ್ ಗೊತ್ತಿರುವಷ್ಟು ಕನ್ನಡಿಗರಿಗೆ ಖುಲಾ ಗೊತ್ತಿಲ್ಲ. ಗಂಡಸಿನ ಪದ ಟಿವಿ ಚರ್ಚೆಯಿಂದ ಚುನಾವಣಾ ಭಾಷಣದವರೆಗೆ ಮೆರೆಯಿತು. ಹೆಂಗಸಿನ ಪದ ಕೇರಿ ದಾಟಲಿಲ್ಲ.

ಬಿಟ್ಟು ಬಂದ ಮೇಲೆ ಹೊಟ್ಟೆಪಾಡಿನ ಪ್ರಶ್ನೆಯಿದೆ. ತೆಲಂಗಾಣದಿಂದಲೇ ಹೋದ ಇನ್ನೊಂದು ಪ್ರಕರಣದಲ್ಲಿ ಕೌಟುಂಬಿಕ ನ್ಯಾಯಾಲಯ ತಿಂಗಳಿಗೆ 20,000 ರೂಪಾಯಿ ಮಧ್ಯಂತರ ಜೀವನಾಂಶ ಗೊತ್ತುಮಾಡಿತ್ತು, ಹೈಕೋರ್ಟ್ ಅದನ್ನು 10,000ಕ್ಕೆ ಇಳಿಸಿತ್ತು. ಗಂಡ ಅದಕ್ಕೂ ಒಪ್ಪದೆ ಸುಪ್ರೀಂ ಕೋರ್ಟಿಗೆ ಹೋದ. ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮತ್ತು ನ್ಯಾಯಮೂರ್ತಿ ಆಗಸ್ಟಿನ್ ಜಾರ್ಜ್ ಮಸೀಹ್ 2024ರ ಜುಲೈ 10ರಂದು, ವಿಚ್ಛೇದಿತ ಮುಸ್ಲಿಂ ಮಹಿಳೆ ಕೂಡ ಎಲ್ಲರಂತೆ ದಂಡ ಪ್ರಕ್ರಿಯಾ ಸಂಹಿತೆಯ 125ನೆಯ ಸೆಕ್ಷನ್ ಅಡಿ ಜೀವನಾಂಶ ಕೇಳಬಹುದೆಂದು ತೀರ್ಪಿತ್ತರು.

ಇನ್ನು ಉಳಿದಿರುವುದು ಲೆಕ್ಕದ ಜಗಳ. ಖುಲಾ ಕೇಳಿದವಳು ಮೆಹರ್ ಹಿಂದಿರುಗಿಸಲು ಮುಂದಾಗಬೇಕು, ಸರಿ. ಕೈಗೇ ಬಾರದ ಮೆಹರ್ ಅನ್ನು ಅವಳು ಎಲ್ಲಿಂದ ತರಬೇಕು? ಗಂಡನ ಮನೆ ಸೇರಿದ ಜೋಡೆ ಕಿ ರಖಮ್ ಯಾರು ಕೊಡಬೇಕು? 1961ರ ವರದಕ್ಷಿಣೆ ನಿಷೇಧ ಕಾಯ್ದೆ ಮೆಹರನ್ನು ವರದಕ್ಷಿಣೆಯ ಲೆಕ್ಕದಿಂದ ಹೊರಗಿಟ್ಟಿದೆ. ಮದುವೆಯ ನೆಪದಲ್ಲಿ ಬೇರೆಯವರು ಪಡೆದ ವರದಕ್ಷಿಣೆಯನ್ನು ಮೂರು ತಿಂಗಳೊಳಗೆ ವಧುವಿಗೇ ಒಪ್ಪಿಸಬೇಕೆಂದು ಅದರ 6ನೆಯ ಸೆಕ್ಷನ್ ಹೇಳುತ್ತದೆ. ಹಾಗಿದ್ದ ಮೇಲೆ ಕೌಟುಂಬಿಕ ನ್ಯಾಯಾಲಯ ಅವಳಿಂದ ಮೆಹರ್ ಲೆಕ್ಕ ಕೇಳುವ ದಿನವೇ ಅವನಿಂದ ಆ ಇನ್ನೊಂದು ಲೆಕ್ಕವನ್ನೂ ಕೇಳಲಿ. ಈಗ ಅದಕ್ಕಾಗಿ ಅವಳು ಬೇರೆ ಕೇಸು ಹಾಕಬೇಕು, ಬೇರೆ ವಕೀಲರನ್ನು ಹಿಡಿಯಬೇಕು, ಕಾಗದವಿಲ್ಲದೆ ಕೊಟ್ಟ ಹಣಕ್ಕೆ ಸಾಕ್ಷಿ ಹುಡುಕಬೇಕು.