ಏಟು ಒಬ್ಬರದು, ನಾದ ಇನ್ನೊಬ್ಬರದು

ಹಾಡೊಂದರಲ್ಲಿ ಕೇಳಿಬರುವ ಡ್ರಮ್ಮಿನ ನಾದ, ಆ ಹಾಡಿಗೆ ಡ್ರಮ್ ನುಡಿಸಿದವರದೇ ಆಗಿರಬೇಕೆಂಬ ನಿಯಮವೇನೂ ಇಲ್ಲ. ನಮ್ಮ ಚಲನಚಿತ್ರಗಳಲ್ಲಿ ತುಟಿ ಆಡಿಸುವವರು ಒಬ್ಬರು, ಹಾಡುವವರು ಇನ್ನೊಬ್ಬರು ಎಂಬುದು ನಿಮಗೆಲ್ಲ ತಿಳಿದದ್ದೇ. ಡ್ರಮ್ಮಿಗೂ ಇಂಥದೇ ಒಂದು ಹಿನ್ನೆಲೆ ವ್ಯವಸ್ಥೆ ಇದೆ. ವಾದಕರು ಹಾಕಿದ ಏಟಿನ ಕಾಲವನ್ನು ಉಳಿಸಿಕೊಂಡು, ನಾದವನ್ನು ಮಾತ್ರ ತೆಗೆದು, ಮೊದಲೇ ಮುದ್ರಿಸಿಟ್ಟ ಬೇರೊಂದು ಏಟನ್ನು ಅಲ್ಲಿ ಕೂರಿಸುತ್ತಾರೆ. ಹೀಗೆ ಮುದ್ರಿಸಿಟ್ಟ ಏಟಿಗೆ ‘ಸ್ಯಾಂಪಲ್’ ಎಂದು ಹೆಸರು.

ಇದರ ಅಗತ್ಯವಾದರೂ ಏನು? ಪಾಶ್ಚಾತ್ಯ ಸಂಗೀತದಲ್ಲಿ ಡ್ರಮ್ ಹಾಡಿನ ತಳಪಾಯ. ಸಾಮಾನ್ಯವಾಗಿ ಅದನ್ನು ಮೊದಲು ಮುದ್ರಿಸಿ, ಅದರ ಮೇಲೆ ಗಿಟಾರ್, ಗಾಯನಗಳನ್ನು ಸೇರಿಸುತ್ತಾರೆ. ಎಲ್ಲ ಮುಗಿದ ಮೇಲೆ ಡ್ರಮ್ಮಿನ ನಾದ ಮಂಕಾಗಿದೆ ಎಂದು ತಿಳಿದರೆ ತಳಪಾಯವನ್ನು ಕಿತ್ತು ಮತ್ತೆ ಕಟ್ಟುವುದು ಕಷ್ಟ. ಆಗ ಏಟನ್ನು ಬದಲಾಯಿಸುವುದೇ ಸುಲಭವಾದ ದಾರಿ.

ಈ ಇತಿಹಾಸದಲ್ಲಿ 1980 ಮುಖ್ಯವಾದ ವರ್ಷ. ಅಮೆರಿಕದ ‘ಸ್ಟೀಲಿ ಡ್ಯಾನ್’ ತಂಡದ ವಾಲ್ಟರ್ ಬೆಕರ್ ಮತ್ತು ಡೊನಾಲ್ಡ್ ಫೇಗನ್ ತಾಳದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಸಹಿಸದವರು. ಅವರ ಧ್ವನಿ ತಂತ್ರಜ್ಞ ರೋಜರ್ ನಿಕೋಲ್ಸ್, ಹಿಂದೆ ಅಣು ವಿದ್ಯುತ್ ಸ್ಥಾವರದಲ್ಲಿ ಕೆಲಸ ಮಾಡಿದ್ದವರು. ಡ್ರಮ್ ಏಟುಗಳನ್ನು ಅಂಕಿಗಳ ರೂಪದಲ್ಲಿ ಸಂಗ್ರಹಿಸಿ, ಬೇಕೆಂದ ಕ್ಷಣಕ್ಕೆ ನುಡಿಸುವ ‘ವೆಂಡೆಲ್’ ಎಂಬ ಯಂತ್ರವನ್ನು ಅವರು ನಿರ್ಮಿಸಿದರು. ಅದನ್ನು ಬಳಸಿದ ‘ಗೌಚೊ’ ಧ್ವನಿಮುದ್ರಿಕೆ ಆ ವರ್ಷದ ನವೆಂಬರಿನಲ್ಲಿ ಹೊರಬಂದಿತು. ಧ್ವನಿಮುದ್ರಣದ ಗುಣಮಟ್ಟಕ್ಕಾಗಿ 1982ರಲ್ಲಿ ಗ್ರ್ಯಾಮಿ ಪ್ರಶಸ್ತಿ ಪಡೆಯಿತು.

ಅದೇ 1980ರಲ್ಲಿ ಇನ್ನೊಬ್ಬ ರೋಜರ್, ಅಂದರೆ ರೋಜರ್ ಲಿನ್, ನಿಜವಾದ ಡ್ರಮ್ಮಿನ ಸ್ಯಾಂಪಲ್‌ಗಳನ್ನು ನುಡಿಸುವ ‘ಎಲ್‌ಎಂ-1’ ಯಂತ್ರವನ್ನು ಮಾರುಕಟ್ಟೆಗೆ ತಂದರು. ಬೆಲೆ ಸುಮಾರು 5,000 ಡಾಲರ್. ಇಲ್ಲಿ ಒಂದು ಸಣ್ಣ ಲೆಕ್ಕ ಮಾಡೋಣ. ಆ ಯಂತ್ರ ನಾದವನ್ನು ಸೆಕೆಂಡಿಗೆ ಸುಮಾರು 28,000 ಬಾರಿ ಅಳೆದು, ಪ್ರತಿ ಅಳತೆಯನ್ನೂ 8 ಬಿಟ್‌ಗಳಲ್ಲಿ, ಅಂದರೆ ಒಂದು ಬೈಟಿನಲ್ಲಿ, ಇಡುತ್ತಿತ್ತು. ಹಾಗಾದರೆ ಒಂದು ಸೆಕೆಂಡಿನ ನಾದಕ್ಕೆ 28,000 ಬೈಟ್ ಸ್ಮರಣಕೋಶ ಬೇಕು. ಆಗ ಸ್ಮರಣಕೋಶ ಬಲು ದುಬಾರಿ. ಆದ್ದರಿಂದ ಕ್ಷಣದಲ್ಲಿ ಅಡಗುವ ಡ್ರಮ್ ಏಟಿಗೆ ಯಂತ್ರದಲ್ಲಿ ಜಾಗ ಸಿಕ್ಕಿತು. ಹಲವು ಸೆಕೆಂಡು ಝೇಂಕರಿಸುವ ದೊಡ್ಡ ಸಿಂಬಲ್‌ಗೆ ಸಿಗಲಿಲ್ಲ. 1982ರ ‘ಲಿನ್‌ಡ್ರಮ್’ ಬಂದಾಗ ಆ ಕೊರತೆ ನೀಗಿತು.

ಮುಂದೆ ಸ್ಟುಡಿಯೊಗಳಲ್ಲಿ ಇದೇ ತತ್ತ್ವ ನೇರವಾಗಿ ಏಟು ಬದಲಾಯಿಸಲು ಬಳಕೆಯಾಯಿತು. ಇಂಗ್ಲೆಂಡಿನ ಬರ್ನ್‌ಲಿಯ ಎಎಂಎಸ್ ಸಂಸ್ಥೆಯ ಯಂತ್ರದಲ್ಲಿ ಒಂದು ಒಳ್ಳೆಯ ಏಟನ್ನು ಹಿಡಿದಿಡಬಹುದಾಗಿತ್ತು. ಟೇಪಿನಲ್ಲಿದ್ದ ಡ್ರಮ್ಮಿನ ಸದ್ದು ಗೊತ್ತುಮಾಡಿದ ಮಿತಿಯನ್ನು ದಾಟಿದೊಡನೆ ಯಂತ್ರ ಆ ಏಟನ್ನು ನುಡಿಸುತ್ತಿತ್ತು. ತೊಡಕುಗಳೂ ಇದ್ದವು. ಪಕ್ಕದ ತಾಳದ ಸದ್ದು ಅದೇ ಮೈಕಿಗೆ ನುಸುಳಿದರೆ, ಇಲ್ಲದ ಏಟೂ ಕೇಳಿಸುತ್ತಿತ್ತು. ಇನ್ನು, ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಸ್ಯಾಂಪಲ್ 3 ಮಿಲಿಸೆಕೆಂಡ್ ತಡವಾದರೆ ಡ್ರಮ್ಮನ್ನು ಒಂದು ಮೀಟರ್ ಹಿಂದಕ್ಕೆ ಸರಿಸಿದಂತೆ! ಮೂಲ ನಾದವನ್ನೂ ಅದರೊಡನೆ ಉಳಿಸಿಕೊಂಡರೆ, ಒಂದರ ಅಲೆಯ ಉಬ್ಬು ಇನ್ನೊಂದರ ತಗ್ಗಿಗೆ ಎದುರಾಗಿ ನಾದ ಸೊರಗುತ್ತದೆ.

1991ರ ಹೊತ್ತಿಗೆ ಈ ಕಲೆ ಪಳಗಿತ್ತು. ಆ ವರ್ಷದ ‘ನಿರ್ವಾಣ’ ತಂಡದ ‘ನೆವರ್‌ಮೈಂಡ್’ನಲ್ಲಿ ಡ್ರಮ್ ನುಡಿಸಿದವರು ಡೇವ್ ಗ್ರೋಲ್. ಧ್ವನಿಮಿಶ್ರಣ ಮಾಡಿದ ಆಂಡಿ ವಾಲೇಸ್ ಅವರ ಏಟುಗಳನ್ನು ಅಳಿಸದೆ, ಸ್ಯಾಂಪಲ್‌ಗಳ ಆಸರೆ ಕೊಟ್ಟು ನಾದವನ್ನು ತುಂಬಿಸಿದರು. ಇಂದು ಗಣಕಯಂತ್ರದ ತಂತ್ರಾಂಶಗಳು ಇದೇ ಕೆಲಸವನ್ನು ಕ್ಷಣಾರ್ಧದಲ್ಲಿ ಮಾಡುತ್ತವೆ. ಒಂದೇ ಏಟು ಪದೇ ಪದೇ ಬಂದರೆ ಯಂತ್ರದ ಸದ್ದಿನಂತೆ ಕೇಳುತ್ತದೆ. ಆದ್ದರಿಂದ ಮೆಲುವಾದದ್ದು, ಜೋರಾದದ್ದು ಎಂದು ಒಂದೇ ಡ್ರಮ್ಮಿನ ಹಲವು ಏಟುಗಳನ್ನು ಸಂಗ್ರಹಿಸಿಟ್ಟು ಸರದಿಯಂತೆ ಬಳಸುತ್ತಾರೆ.

ಇದು ಮೋಸವೇ ಎಂದು ನೀವು ಕೇಳಬಹುದು. ಹಿನ್ನೆಲೆ ಗಾಯನವನ್ನು ನಾವು ಮೋಸವೆನ್ನುವುದಿಲ್ಲ, ಏಕೆಂದರೆ ಗಾಯಕರ ಹೆಸರು ಪರದೆಯ ಮೇಲೆ ಬರುತ್ತದೆ. ಎಲ್‌ಎಂ-1 ಯಂತ್ರದೊಳಗಿನ ಬಹುಪಾಲು ಏಟುಗಳು ಲಾಸ್ ಏಂಜಲೀಸಿನ ವಾದಕ ಆರ್ಟ್ ವುಡ್ ಅವರವು. ಪ್ರಿನ್ಸ್ ಮೊದಲಾದವರು ಆ ಯಂತ್ರವನ್ನು ಬಳಸಿದ ಹಾಡುಗಳನ್ನು ಲಕ್ಷಾಂತರ ಜನ ಕೇಳಿದರು. ವುಡ್ ಅವರ ಹೆಸರು ಕೇಳಿದವರು ತೀರ ಕಡಿಮೆ. ಯಂತ್ರ ಎಷ್ಟೇ ಚುರುಕಾಗಿರಲಿ, ಮೊದಲ ಏಟನ್ನು ಹಾಕಿದ್ದು ಮನುಷ್ಯನ ಕೈ. ಆ ಕೈಗೆ ಒಂದು ಸಾಲಿನ ಜಾಗ ಸಲ್ಲಬೇಡವೇ? ಮುಂದೆ ನಿಮ್ಮಲ್ಲಿ ಯಾರಾದರೂ ಧ್ವನಿಮುದ್ರಣದ ಕ್ಷೇತ್ರಕ್ಕೆ ಬಂದರೆ, ಈ ಪ್ರಶ್ನೆಯನ್ನು ಮರೆಯದೆ ಜೊತೆಗೆ ತನ್ನಿ.