ಬಿರುಕಿನ ಅಗಲ ಮತ್ತು ತೀವ್ರತೆಯ ದರ್ಜೆ: ಕಾಂಕ್ರೀಟ್ ರಸ್ತೆ ದುರಸ್ತಿಯ ಮೂರು ಕೈಪಿಡಿಗಳು

1. ವ್ಯಾಪ್ತಿ

ಸವೆದ ಕಾಂಕ್ರೀಟ್ ರಸ್ತೆಯ ದುರಸ್ತಿ ಅಂದಾಜುಪಟ್ಟಿ ಹುಟ್ಟುವುದು ಸ್ಲ್ಯಾಬ್‌ಗಳ ಸಮೀಕ್ಷೆಯಿಂದ. ಯಾವ ಬಿರುಕಿಗೆ ಸೀಲಂಟ್ ಸಾಕು, ಯಾವ ಸ್ಲ್ಯಾಬನ್ನು ಪೂರ್ಣ ಆಳಕ್ಕೆ ಕತ್ತರಿಸಿ ಹೊಸದಾಗಿ ಹಾಕಬೇಕು ಎಂಬ ನಿರ್ಧಾರ ಬಹುಮಟ್ಟಿಗೆ ಸಮೀಕ್ಷಕರು ನಮೂದಿಸಿದ ತೀವ್ರತೆಯ ದರ್ಜೆಯನ್ನು ಅವಲಂಬಿಸಿದೆ. ಆ ದರ್ಜೆಯಲ್ಲಿ ಬಿರುಕಿನ ಪಾಲೆಷ್ಟು, ಬಳಸಿದ ಕೈಪಿಡಿಯ ಪಾಲೆಷ್ಟು ಎಂಬುದು ಇಲ್ಲಿನ ಪ್ರಶ್ನೆ. ಚರ್ಚೆ ಜಾಯಿಂಟ್‌ಗಳಿರುವ ಸಾದಾ ಕಾಂಕ್ರೀಟ್ ರಸ್ತೆಗಳಿಗೆ ಸೀಮಿತ.

2. ಆಕರಗಳು

ಅಮೆರಿಕದ ದೀರ್ಘಾವಧಿ ರಸ್ತೆ ಅಧ್ಯಯನ ಎಲ್‌ಟಿಪಿಪಿ 1987ರಲ್ಲಿ ಆರಂಭವಾಯಿತು; ಅದರ ಹಾನಿ ಗುರುತಿಸುವ ಕೈಪಿಡಿ 1993ರಲ್ಲಿ ಪ್ರಕಟವಾಗಿ 2003 ಮತ್ತು 2014ರಲ್ಲಿ ಪರಿಷ್ಕೃತವಾಯಿತು. ಎಎಸ್‌ಟಿಎಂ ಡಿ6433 ಮಾನಕ 1999ರದು, ಆದರೆ ಅದರ ಆಧಾರವಾದ 0ಯಿಂದ 100ರ ಸ್ಥಿತಿ ಸೂಚ್ಯಂಕ ಇನ್ನೂ ಹಳೆಯದು: ಅಮೆರಿಕದ ಸೇನಾ ಎಂಜಿನಿಯರ್‌ಗಳು 1970ರ ದಶಕದಲ್ಲಿ ರೂಪಿಸಿದ್ದು. ಭಾರತೀಯ ರಸ್ತೆ ಕಾಂಗ್ರೆಸ್‌ನ ಐಆರ್‌ಸಿ:ಎಸ್‌ಪಿ:83 ಮೊದಲು 2008ರಲ್ಲಿ ಬಂತು, 2018ರಲ್ಲಿ ಪರಿಷ್ಕರಣೆಗೊಂಡಿತು. ಅದು ತೀವ್ರತೆಯನ್ನು 0ಯಿಂದ 5ರವರೆಗೆ ಗುರುತಿಸುತ್ತದೆ. ಕೆಳಗಿನ ಐಆರ್‌ಸಿ ಅಂಕಿಗಳು 2008ರ ಆವೃತ್ತಿಯವು.

3. ಎಂಟು ಮಿಲಿಮೀಟರ್ ಬಿರುಕು

ಸೀಲಂಟ್ ತುಂಬದ, ಎತ್ತರ ವ್ಯತ್ಯಾಸವಿಲ್ಲದ, ಅಂಚು ಉದುರದ, 8 ಮಿ.ಮೀ. ಅಗಲದ ಒಂದು ಅಡ್ಡ ಬಿರುಕನ್ನು ತೆಗೆದುಕೊಳ್ಳಬಹುದು. ಎಲ್‌ಟಿಪಿಪಿಯಲ್ಲಿ ಅಡ್ಡ ಬಿರುಕಿನ ಗಡಿಗಳು 3 ಮತ್ತು 6 ಮಿ.ಮೀ.; ಆದ್ದರಿಂದ ಇದು ‘ಅಧಿಕ’ ತೀವ್ರತೆ. ಐಆರ್‌ಸಿಯಲ್ಲಿ, ಜಾಯಿಂಟನ್ನು ಸಂಧಿಸುವ ಅಡ್ಡ ಬಿರುಕು 6 ಮಿ.ಮೀ. ದಾಟಿದರೆ ದರ್ಜೆ 5, ಅಂದರೆ ಕೊನೆಯದು. ಡಿ6433ರ ಗಡಿಗಳು ಸುಮಾರು 13 ಮತ್ತು 51 ಮಿ.ಮೀ.; ಅಲ್ಲಿ ಇದೇ ಬಿರುಕು ‘ಕಡಿಮೆ’ ತೀವ್ರತೆಯದು.

ಉದ್ದ ಬಿರುಕಿಗೆ ಅಂತರ ಕಿರಿದಾಗುತ್ತದೆ. ಎಲ್‌ಟಿಪಿಪಿ ಇಲ್ಲಿ 3 ಮತ್ತು 13 ಮಿ.ಮೀ. ಗಡಿಗಳನ್ನು ಇಡುವುದರಿಂದ 8 ಮಿ.ಮೀ. ‘ಮಧ್ಯಮ’ವಾಗುತ್ತದೆ, ಐಆರ್‌ಸಿಯಲ್ಲಿ 6ರಿಂದ 12 ಮಿ.ಮೀ.ವರೆಗೆ ದರ್ಜೆ 4. ಐಆರ್‌ಸಿಯ 3, 6, 12 ಎಂಬ ಗಡಿಗಳು ಎಲ್‌ಟಿಪಿಪಿಯ ಗಡಿಗಳಿಗೆ ಹತ್ತಿರವಾಗಿರುವುದು ಗಮನಾರ್ಹ, ಆದರೆ ಇಷ್ಟರಿಂದಲೇ ಒಂದು ಇನ್ನೊಂದರಿಂದ ಬಂದಿದೆ ಎನ್ನಲಾಗದು.

ಡಿ6433ರ ಇನ್ನೊಂದು ನಿಯಮವನ್ನೂ ಯೋಜಕರು ನೆನಪಿಡಬೇಕು. ಎತ್ತರ ವ್ಯತ್ಯಾಸವಿಲ್ಲದ ಬಿರುಕಿಗೆ ಸೀಲಂಟ್ ತುಂಬಿ ಅದು ಸುಸ್ಥಿತಿಯಲ್ಲಿದ್ದರೆ, ಅಗಲ ಎಷ್ಟಿದ್ದರೂ ತೀವ್ರತೆ ‘ಕಡಿಮೆ’. ಹೀಗಾಗಿ ಹಿಂದಿನ ವರ್ಷದ ಸೀಲಿಂಗ್ ಕೆಲಸವೊಂದೇ ಸೂಚ್ಯಂಕವನ್ನು ಏರಿಸಬಲ್ಲದು; ಸ್ಲ್ಯಾಬ್‌ನ ಬಲ ಏರಿರುವುದಿಲ್ಲ.

4. ತಾಪಮಾನ

ಐಆರ್‌ಸಿಯ ಕೆಳ ದರ್ಜೆಗಳು ಬಹಳ ಸೂಕ್ಷ್ಮ: ಅಡ್ಡ ಬಿರುಕಿಗೆ 0.2 ಮಿ.ಮೀ.ಗಿಂತ ಕಡಿಮೆಯಾದರೆ ದರ್ಜೆ 1, 0.2ರಿಂದ 0.5 ಆದರೆ ದರ್ಜೆ 2. ಕಾಂಕ್ರೀಟಿನ ಉಷ್ಣ ವಿಸ್ತರಣಾಂಕ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಹತ್ತು ಲಕ್ಷದಲ್ಲಿ ಹತ್ತು ಭಾಗ. 4.5 ಮೀ. ಉದ್ದದ ಸ್ಲ್ಯಾಬ್ 20 ಡಿಗ್ರಿ ತಣಿದು, ತಳದ ಘರ್ಷಣೆಯ ತಡೆಯಿಲ್ಲದೆ ಕುಗ್ಗಿತು ಎಂದಿಟ್ಟುಕೊಂಡರೆ ಒಟ್ಟು ಕುಗ್ಗುವಿಕೆ 0.9 ಮಿ.ಮೀ. ನಡುವೆ ಬಿರುಕಿದ್ದು, ಎರಡು ತುಂಡುಗಳೂ ತಮ್ಮ ತಮ್ಮ ಮಧ್ಯದತ್ತ ಕುಗ್ಗಿದರೆ ಬಿರುಕಿನ ಪಾಲಿಗೆ ಬರುವುದು ಅದರ ಅರ್ಧ, 0.45 ಮಿ.ಮೀ. ಘರ್ಷಣೆ ಇದನ್ನು ತಗ್ಗಿಸುತ್ತದೆ; ಜಾಯಿಂಟ್ ಕಚ್ಚಿಕೊಂಡಿದ್ದರೆ ಹೆಚ್ಚಲೂಬಹುದು. ಹೇಗಿದ್ದರೂ ಈ ಚಲನೆ ದರ್ಜೆ 2ರ 0.3 ಮಿ.ಮೀ. ವ್ಯಾಪ್ತಿಗಿಂತ ಚಿಕ್ಕದಾಗಿರಬೇಕಿಲ್ಲ. ಜನವರಿಯ ಮುಂಜಾನೆ ಮತ್ತು ಏಪ್ರಿಲ್‌ನ ಮಧ್ಯಾಹ್ನ ಅಳೆದ ಒಂದೇ ಬಿರುಕು ಎರಡು ದರ್ಜೆಗಳಲ್ಲಿ ಕಾಣಿಸಿಕೊಂಡರೆ ಅದನ್ನು ಸಮೀಕ್ಷಕರ ಅಲಕ್ಷ್ಯ ಎಂದು ಕೂಡಲೇ ತೀರ್ಮಾನಿಸುವುದು ಸರಿಯಲ್ಲ.

5. ಫಾಲ್ಟಿಂಗ್

ಜಾಯಿಂಟ್‌ನ ಎರಡು ಬದಿಗಳ ಎತ್ತರ ವ್ಯತ್ಯಾಸವೇ ಫಾಲ್ಟಿಂಗ್. 8 ಮಿ.ಮೀ. ವ್ಯತ್ಯಾಸ ಐಆರ್‌ಸಿಯಲ್ಲಿ ದರ್ಜೆ 3, ಡಿ6433ರಲ್ಲಿ ‘ಕಡಿಮೆ’. ಎಲ್‌ಟಿಪಿಪಿ ಜಾಯಿಂಟ್ ಫಾಲ್ಟಿಂಗ್‌ಗೆ ದರ್ಜೆಯನ್ನೇ ಕೊಡುವುದಿಲ್ಲ. ಸ್ಲ್ಯಾಬ್‌ನ ಹೊರ ಅಂಚಿನಿಂದ 0.3 ಮತ್ತು 0.75 ಮೀ. ದೂರದಲ್ಲಿ ಅಳೆದು ಮಿಲಿಮೀಟರಿನಲ್ಲೇ ದಾಖಲಿಸುತ್ತದೆ. ಮೂರರಲ್ಲಿ ಇದೇ ಹೆಚ್ಚು ವಿಶ್ವಾಸಾರ್ಹ ಕ್ರಮವೆಂದು ತೋರುತ್ತದೆ.

ದರ್ಜೆ ಕಾರಣವನ್ನು ಹೇಳುವುದಿಲ್ಲ ಎಂಬುದೂ ಇಲ್ಲಿ ಪ್ರಸ್ತುತ. ಕ್ಯಾಲಿಫೋರ್ನಿಯಾದ ಅಂತರರಾಜ್ಯ ಹೆದ್ದಾರಿ 10ರ ಒಂದು ಭಾಗದಲ್ಲಿ ಫಾಲ್ಟಿಂಗ್ ನಿವಾರಿಸಲು 1965ರಲ್ಲಿ ಡೈಮಂಡ್ ಗ್ರೈಂಡಿಂಗ್ ನಡೆಯಿತು. ರಸ್ತೆಗೆ ಆಗ 19 ವರ್ಷವೆಂದು ದಾಖಲೆಗಳು ಹೇಳುವುದರಿಂದ ನಿರ್ಮಾಣ 1946ರ ಸುಮಾರಿನದು. ಅಂತರರಾಜ್ಯ ಹೆದ್ದಾರಿ ಕಾಯಿದೆ 1956ರದಾದ್ದರಿಂದ ಆ ಸಂಖ್ಯೆ ನಂತರ ಸೇರಿದ್ದು. 1980ರ ದಶಕದಲ್ಲಿ ಮತ್ತು 1997ರಲ್ಲಿ ಅಲ್ಲಿ ಮತ್ತೆ ಗ್ರೈಂಡಿಂಗ್ ಮಾಡಲಾಯಿತು. ಗ್ರೈಂಡಿಂಗ್ ಮೆಟ್ಟಿಲನ್ನು ತೆಗೆಯುತ್ತದೆ. ತಳದ ನೀರು, ಕೊಚ್ಚಿಹೋಗುವ ನುಣ್ಣನೆಯ ಮಣ್ಣು, ಡೋವೆಲ್ ಸರಳಿನ ಕೊರತೆ ಹಾಗೇ ಉಳಿಯುತ್ತವೆ. ವಾಷಿಂಗ್ಟನ್ ರಾಜ್ಯ ಅಂತರರಾಜ್ಯ ಹೆದ್ದಾರಿ 90ರಲ್ಲಿ 1992ರಿಂದ ಹಳೆಯ ಜಾಯಿಂಟ್‌ಗಳಲ್ಲಿ ಸೀಳು ಕೊರೆದು ಡೋವೆಲ್ ಕೂರಿಸಿದ್ದು ಈ ಮೂರನೆಯ ಕಾರಣವನ್ನು ಗುರಿಯಾಗಿಸಿ.

6. ಸಮೀಕ್ಷಾ ಹಾಳೆ

ಪ್ರತಿ ನಮೂದಿನಲ್ಲಿ ಮಿಲಿಮೀಟರಿನ ಮೂಲ ಅಳತೆ, ಸ್ಲ್ಯಾಬ್‌ನ ತಾಪಮಾನ, ಗಂಟೆ, ಸೀಲಂಟ್ ಇದೆಯೇ ಎಂಬುದು, ಬಿರುಕು ಜಾಯಿಂಟನ್ನು ಸಂಧಿಸುತ್ತದೆಯೇ ಎಂಬುದು ಇರಬೇಕು. ದರ್ಜೆಯ ಪಕ್ಕದಲ್ಲಿ ಕೈಪಿಡಿಯ ಹೆಸರು ಮತ್ತು ಆವೃತ್ತಿಯ ವರ್ಷ. ಕೇವಲ ದರ್ಜೆ ಉಳಿದಿರುವ ಹಳೆಯ ದಾಖಲೆಯನ್ನು ಬೇರೊಂದು ಕೈಪಿಡಿಗೆ ಪರಿವರ್ತಿಸಲು ಸಾಧ್ಯವಾಗದು: ಡಿ6433ರ ‘ಕಡಿಮೆ’ ಎಂಬ ನಮೂದಿನ ಹಿಂದೆ ಅರ್ಧ ಮಿಲಿಮೀಟರ್ ಇದ್ದಿರಬಹುದು, ಹನ್ನೆರಡೂ ಇದ್ದಿರಬಹುದು. ಅಂಥ ರಸ್ತೆಗಳನ್ನು ಅಂದಾಜುಪಟ್ಟಿಗೆ ಮುನ್ನ ಮರುಸಮೀಕ್ಷೆ ಮಾಡಬೇಕಾಗುತ್ತದೆ.