ವಾಡಿ–ಸೇಡಂ ಸೀಮೆಯಲ್ಲಿ ಮೆಥಡಿಸ್ಟ್ ನೇಮ

ಸೇಡಂ, ಚಿತ್ತಾಪುರ, ಚಿಂಚೋಳಿ, ಶಹಾಬಾದ್, ವಾಡಿ 1948ರ ಸೆಪ್ಟೆಂಬರ್‌ವರೆಗೆ ಹೈದರಾಬಾದ್ ನಿಜಾಮರ ಆಳ್ವಿಕೆಗೆ ಸೇರಿದ್ದವು. ಊರಂಚಿನ ಕೇರಿಯ ಕೂಲಿಯವನಿಗೆ ಮಾತ್ರ ನಿಜಾಮ ದೂರದ ಹೆಸರು. ಅವನ ಕಣ್ಣೆದುರಿನ ಒಡೆಯರು ಜಾಗೀರದಾರ, ಗೌಡ, ಕುಲಕರ್ಣಿ, ಸಾಲ ಕೊಟ್ಟ ಸಾಹುಕಾರ. ದೇವರೇ ಅರಸ ಎಂಬ ಕ್ರೈಸ್ತ ನಂಬಿಕೆ ಇಂಥ ಕೇರಿಗೆ ಬಂದಾಗ ಪ್ರಾರ್ಥನೆಯ ಮಾತಾಗಿಯಷ್ಟೇ ಉಳಿಯಲಿಲ್ಲ. ಯಾರ ಅಪ್ಪಣೆಯನ್ನು ಎಲ್ಲಿಯವರೆಗೆ ನಡೆಸಬೇಕೆಂಬುದು ದಿನದಿನದ ಪ್ರಶ್ನೆಯಾಯಿತು.

ನಂಬಿಕೆ ಬಂದ ದಾರಿಯನ್ನು ತಿಳಿಯಲು ರೈಲುಹಳಿ ನೋಡಬೇಕು. ಮುಂಬಯಿಯಿಂದ ರಾಯಚೂರಿಗೆ ಹೋಗುವ ಮಾರ್ಗ 1871ರಲ್ಲಿ ಮುಗಿಯಿತು. ವಾಡಿಯಿಂದ ಚಿತ್ತಾಪುರ, ಸೇಡಂ, ತಾಂಡೂರು ಹಾದು ಹೈದರಾಬಾದ್ ಸೇರುವ ನಿಜಾಮರ ರೈಲು 1874ರಲ್ಲಿ ಓಡಿತು. ಅದೇ ಹೊತ್ತಿಗೆ ಅಮೆರಿಕದ ಮೆಥಡಿಸ್ಟ್ ಬೋಧಕ ವಿಲಿಯಂ ಟೇಲರ್ ಮುಂಬಯಿಯಲ್ಲಿ ಸಭೆಗಳನ್ನು ಕಟ್ಟುತ್ತಿದ್ದ. ಅವನ ಮಾತಿಗೆ ಮೊದಲು ಕಿವಿಗೊಟ್ಟವರಲ್ಲಿ ಆಂಗ್ಲೋ ಇಂಡಿಯನ್ನರೂ ರೈಲ್ವೆ ನೌಕರರೂ ಬಹಳ. ಕನ್ನಡದ ಹಳ್ಳಿಗಳ ಸರದಿ ಆಮೇಲಿನದು. 19ನೇ ಶತಮಾನದ ಕೊನೆಯ ದಶಕಗಳಲ್ಲಿ ಮೆಥಡಿಸ್ಟ್ ಮಿಷನ್ ಗುಲ್ಬರ್ಗ, ಬೀದರ್ ಕಡೆ ಬೇರೂರಿತು. ಸಭೆಗೆ ಸೇರಿದವರು ಹೆಚ್ಚಾಗಿ ಹೊಲೆಯ, ಮಾದಿಗ ಕುಟುಂಬಗಳವರು. ಕನ್ನಡ ಬೈಬಲ್ ಆಗಲೇ ಕೈಗೆ ಸಿಗುತ್ತಿತ್ತು: ಬಳ್ಳಾರಿಯ ಜಾನ್ ಹ್ಯಾಂಡ್ಸ್ ಅದರ ಪೂರ್ತಿ ಅನುವಾದವನ್ನು 1831ರ ಹೊತ್ತಿಗೆ ಮುಗಿಸಿದ್ದ.

ಮೆಥಡಿಸ್ಟರ ವೈಶಿಷ್ಟ್ಯ ಉಪದೇಶಕ್ಕಿಂತ ಹೆಚ್ಚಾಗಿ ಅವರ ಶಿಸ್ತಿನಲ್ಲಿತ್ತು. ಮೆಥಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿ 1743ರಲ್ಲಿ ಇಂಗ್ಲೆಂಡಿನಲ್ಲಿ ಬರೆದ ‘ಸಾಮಾನ್ಯ ನಿಯಮಗಳು’ ಮೂರೇ ಮಾತಿನವು: ಕೆಡುಕು ಮಾಡಬಾರದು, ಒಳಿತು ಮಾಡಬೇಕು, ದೇವರ ಆರಾಧನೆಯನ್ನು ತಪ್ಪಿಸಬಾರದು. ಕೆಡುಕು ಯಾವುದೆಂದು ಹೇಳುವಾಗ ಮಾತ್ರ ವೆಸ್ಲಿ ಬಹಳ ಖಚಿತ. ಮದ್ಯ ಕುಡಿಯುವುದು, ಮಾರುವುದು, ಕೊಳ್ಳುವುದು, ಸುಂಕ ಕಟ್ಟದ ಸರಕು, ಅನ್ಯಾಯದ ಬಡ್ಡಿ, ತೀರಿಸುವ ದಾರಿ ಕಾಣದ ಸಾಲ, ಮೈಮೇಲೆ ಚಿನ್ನ, ವಿಶ್ವಾಸಿ ವಿಶ್ವಾಸಿಯ ಮೇಲೆ ಹೂಡುವ ದಾವೆ, ಎಲ್ಲವೂ ಆ ಪಟ್ಟಿಯಲ್ಲಿವೆ. ಹನ್ನೆರಡು ಮಂದಿಯ ‘ಕ್ಲಾಸ್’ ವಾರಕ್ಕೊಮ್ಮೆ ಕೂಡಿ ಪ್ರತಿಯೊಬ್ಬರ ನಡತೆ ವಿಚಾರಿಸುತ್ತಿತ್ತು. ಈ ಕ್ಲಾಸ್ ಹುಟ್ಟಿದ್ದು 1742ರಲ್ಲಿ, ಬ್ರಿಸ್ಟಲ್ ನಗರದ ಪ್ರಾರ್ಥನಾ ಮಂದಿರದ ಸಾಲ ತೀರಿಸಲು ವಾರಕ್ಕೊಂದು ಪೆನ್ನಿ ಎತ್ತುವುದಕ್ಕೆ. ಆತ್ಮದ ಲೆಕ್ಕ ಕೇಳುವ ಪದ್ಧತಿ ಚಂದಾ ವಸೂಲಿಯಿಂದ ಬೆಳೆದದ್ದು ಸ್ವಾರಸ್ಯದ ಸಂಗತಿಯೇ.

ಈ ನೇಮಗಳು ನಿಜಾಮ ಸೀಮೆಯಲ್ಲಿ ಬೇರೆಯೇ ತೂಕ ಪಡೆದವು. ಅಬ್ಕಾರಿ ಅಲ್ಲಿಯ ಸರ್ಕಾರದ ದೊಡ್ಡ ಆದಾಯಗಳಲ್ಲೊಂದು. ಸೇಂದಿ ಬಿಟ್ಟವನು ಸಂಜೆಯ ಜೊತೆಗಾರರನ್ನೂ ಬಿಟ್ಟಂತೆ. ಕೋರ್ಟುಗಳ ಭಾಷೆ ಉರ್ದು. ಅದನ್ನು ಓದಲಾರದವನಿಗೆ ದಾವೆ ಬೇಡವೆಂಬ ನೇಮ ಭಾರವಾಗಿರಲಾರದು. ಸಾಲ ಬೇಡವೆಂಬುದು ಭಾರ, ಮಳೆ ತಪ್ಪಿದ ವರ್ಷ ಜೋಳದ ಕಾಳಿಗೂ ಸಾಹುಕಾರನ ಬಾಗಿಲೇ ಗತಿ. ಭಾನುವಾರದ ವಿಶ್ರಾಂತಿಗೂ ಇಲ್ಲಿಯದೇ ಆದ ತೊಡಕಿತ್ತು. ಬಸವಣ್ಣನ ವಾರವೆಂದು ಈ ಕಡೆಯ ರೈತರು ಸೋಮವಾರ ಎತ್ತು ಹೂಡುವುದಿಲ್ಲ. ಭಾನುವಾರವೂ ಕೆಲಸ ಬಿಟ್ಟ ಕೂಲಿಗೆ ಉಳುಮೆಯ ದಿನಗಳಲ್ಲಿ ಎರಡು ದಿನದ ಕೂಲಿ ಖೋತಾ.

ಎಲ್ಲಕ್ಕಿಂತ ಕಠಿಣವಾದದ್ದು ಹಲಗೆಯ ಪ್ರಶ್ನೆ. ಊರದೇವತೆಯ ಹಬ್ಬದಲ್ಲಿ ಹಲಗೆ ಬಾರಿಸುವುದು, ಸತ್ತ ದನ ಎಳೆಯುವುದು, ಬಿಟ್ಟಿ ಚಾಕರಿ ಮಾಡುವುದು ಕೇರಿಯವರ ಪಾಲಿಗೆ ಕಟ್ಟಿಟ್ಟ ಕೆಲಸಗಳು. ಸಭೆಗೆ ಸೇರಿದವನು ಅವನ್ನು ಮುಂದುವರಿಸಬೇಕೇ ಎಂಬುದೇ ಆ ಪ್ರಶ್ನೆ. ನೆರೆಯ ತೆಲುಗು ನಾಡಿನ ಒಂಗೋಲಿನಲ್ಲಿ ಬ್ಯಾಪ್ಟಿಸ್ಟ್ ಮಿಷನರಿ ಜಾನ್ ಕ್ಲೌ 1866ರಿಂದ ಮಾದಿಗರ ನಡುವೆ ಕೆಲಸ ಮಾಡಿದ. ಭಾನುವಾರ ದುಡಿಯಬಾರದು, ಸತ್ತ ದನದ ಮಾಂಸ ತಿನ್ನಬಾರದು, ವಿಗ್ರಹ ಪೂಜಿಸಬಾರದು ಎಂಬ ಮೂರು ನೇಮಗಳೇ ಅಲ್ಲಿ ಊರ ಹಿರಿಯರ ಸಿಟ್ಟಿಗೆ ಕಾರಣವಾದವು. ‘ನನಗೊಬ್ಬ ಅರಸನಿದ್ದಾನೆ’ ಎಂಬ ಮಾತು ಗೌಡನ ಕಿವಿಗೆ ಭಕ್ತಿಯಾಗಿ ಕೇಳಿಸಲಿಲ್ಲ, ಕೆಲಸಕ್ಕೆ ಒಲ್ಲೆನೆಂಬ ಉತ್ತರವಾಗಿ ಕೇಳಿಸಿತು. ಆದರೆ ಸರ್ಕಾರವನ್ನು ಧಿಕ್ಕರಿಸಲು ಮೆಥಡಿಸ್ಟರು ಕಲಿಸಲಿಲ್ಲ. ತಾನಿರುವ ದೇಶದ ಕಾನೂನಿಗೆ ವಿಧೇಯನಾಗಿರಬೇಕೆಂದು ಅವರ ಶಿಸ್ತಿನ ಪುಸ್ತಕವೇ ಹೇಳುತ್ತದೆ.

ಹಳೆಯದನ್ನೆಲ್ಲ ಬಿಡಿಸಲು ಮಿಷನ್ನಿಗೂ ಆಗಲಿಲ್ಲ, ಬಹುಶಃ ಮನಸ್ಸೂ ಇರಲಿಲ್ಲ. ಇದೇ ರೈಲುಮಾರ್ಗದಲ್ಲಿ ತಾಂಡೂರಿನ ಆಚೆ, ವಿಕಾರಾಬಾದಿನ ಈಚೆ ಇರುವ ಧಾರೂರಿನಲ್ಲಿ 1923ರಿಂದ ಕ್ರೈಸ್ತ ಜಾತ್ರೆ ನಡೆಯುತ್ತಿದೆ. ನವೆಂಬರಿನಲ್ಲಿ ನಡೆಯುವ ಈ ಜಾತ್ರೆಗೆ ಕರ್ನಾಟಕದ ಭಕ್ತರೂ ಹೋಗುತ್ತಾರೆ. ಹರಕೆ, ಬಯಲಿನ ಬಿಡಾರ, ಬಂಧುಬಳಗ, ಜಾತ್ರೆಯ ಚೌಕಟ್ಟು ಹಾಗೇ ಉಳಿದಿದೆ.

ಸಭೆಗಳ ಆಡಳಿತ ಬದಲಾಗುತ್ತ ಬಂತು. 1981ರಲ್ಲಿ ಭಾರತದ ಮೆಥಡಿಸ್ಟ್ ಚರ್ಚು ಅಮೆರಿಕದ ಹಿಡಿತದಿಂದ ಬೇರೆಯಾಗಿ ಸ್ವತಂತ್ರವಾಯಿತು. ಕ್ಯಾಥೊಲಿಕರಿಗೆ 2005ರಲ್ಲಿ ಗುಲ್ಬರ್ಗ ಧರ್ಮಪ್ರಾಂತ್ಯ ದೊರೆಯಿತು.

ಯಾರ ಅಪ್ಪಣೆಯನ್ನು ಎಲ್ಲಿಯವರೆಗೆ ನಡೆಸಬೇಕೆಂಬ ಹಳೆಯ ಪ್ರಶ್ನೆಯನ್ನು ಸ್ವತಂತ್ರ ಭಾರತದ ಒಂದು ಆದೇಶ ಕಾಗದಕ್ಕೆ ತಂದಿತು. 1950ರ ಪರಿಶಿಷ್ಟ ಜಾತಿಗಳ ಆದೇಶ ಹಿಂದೂಗಳಲ್ಲದವರನ್ನು ಪರಿಶಿಷ್ಟ ಜಾತಿಯ ಪಟ್ಟಿಯಿಂದ ಹೊರಗಿಟ್ಟಿತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ವಿನಾಯಿತಿ ಸಿಕ್ಕಿತು, ಕ್ರೈಸ್ತರಿಗೆ ಸಿಗಲಿಲ್ಲ. ಮಗುವನ್ನು ಶಾಲೆಗೆ ಸೇರಿಸುವಾಗ ಧರ್ಮದ ಕಲಮಿನಲ್ಲಿ ಏನು ಬರೆಸಬೇಕೆಂಬುದು ದಲಿತ ಕ್ರೈಸ್ತ ಮನೆಗಳಲ್ಲಿ ವಿದ್ಯಾರ್ಥಿವೇತನ, ನೌಕರಿಗಳ ಲೆಕ್ಕವನ್ನೂ ಸೇರಿಸಿಕೊಂಡ ತೀರ್ಮಾನವಾಯಿತು. ಮತಾಂತರಗೊಂಡ ದಲಿತರಿಗೂ ಆ ಸ್ಥಾನ ಕೊಡಬೇಕೇ ಎಂಬುದನ್ನು ಪರಿಶೀಲಿಸಲು ಕೇಂದ್ರ ಸರ್ಕಾರ 2022ರಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಆಯೋಗವನ್ನು ನೇಮಿಸಿತು.